ಲೆಕ್ಕ ಒಂದು, ಮುಖ ಹಲವು: ವಿಜ್ಞಾನದ ತಂತ್ರಾಂಶಕ್ಕೆ ಸಲಕರಣೆ ಆರಿಸುವ ಬಗ್ಗೆ

(ಸಂಘದ ವಾರ್ಷಿಕ ಸಭೆಯಲ್ಲಿ ಪದವಿಪೂರ್ವ ಮತ್ತು ಪದವಿ ತರಗತಿಗಳ ವಿಜ್ಞಾನ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಅಧ್ಯಾಪಕನಿಗೆ ಕಂಪ್ಯೂಟರಿನ ವಿಷಯ ಯಾಕೆ ಕೊಟ್ಟರು ಎಂದು ನಿಮ್ಮಲ್ಲಿ ಕೆಲವರಾದರೂ ಅಂದುಕೊಂಡಿರಬಹುದು. ಲೆಕ್ಕ ಹಾಕುವ ವಿದ್ಯೆಯನ್ನು ನಿಮಗೆ ಕಾಲೇಜಿನಲ್ಲಿ ಕಲಿಸುತ್ತಾರೆ. ಆದರೆ ಆ ಲೆಕ್ಕದ ಫಲ ಕೊನೆಗೆ ಯಾರೋ ಒಬ್ಬರು ಓದುವ ಅಕ್ಷರವಾಗಿ ಪರದೆಯ ಮೇಲೆ ಬರಬೇಕಲ್ಲ, ಅಲ್ಲಿ ಭಾಷೆಯ ಮೇಷ್ಟ್ರಿಗೂ ಒಂದಿಷ್ಟು ಮಾತಾಡುವ ಅಧಿಕಾರವಿದೆ ಎಂದುಕೊಂಡು ನಿಮ್ಮ ಮುಂದೆ ನಿಂತಿದ್ದೇನೆ.

ಒಂದು ಉದಾಹರಣೆಯನ್ನು ಮೊದಲೇ ಇಟ್ಟುಕೊಳ್ಳೋಣ. ಸೌಪರ್ಣಿಕಾ, ಚಕ್ರ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಗಂಗೊಳ್ಳಿಯ ಬಳಿ ಕೂಡಿ ಸಮುದ್ರ ಸೇರುತ್ತವೆ. ಮಳೆಗಾಲದಲ್ಲಿ ನಮ್ಮಲ್ಲಿ ನೀರಿಗೆ ಬರವಿಲ್ಲ. ಮಾರ್ಚ್, ಏಪ್ರಿಲ್ ಬಂತೆಂದರೆ ಹೊಳೆಬದಿಯ ಬಾವಿಗಳಲ್ಲಿ ನೀರು ಉಪ್ಪಾಗಲು ಶುರುವಾಗುತ್ತದೆ. ಬಿ.ಎಸ್ಸಿ. ಓದುವ ಒಬ್ಬ ಹುಡುಗಿ ತನ್ನ ಊರಿನ ಇಪ್ಪತ್ತು ಬಾವಿಗಳ ನೀರನ್ನು ಡಿಸೆಂಬರಿನಿಂದ ಮೇವರೆಗೆ ವಾರಕ್ಕೊಮ್ಮೆ ಟಿಡಿಎಸ್ ಮೀಟರಿನಿಂದ ಅಳೆದು, ಯಾವ ಬಾವಿ ಯಾವ ವಾರ ಮಿತಿ ದಾಟುತ್ತದೆ ಎಂದು ತೋರಿಸುವ ಪ್ರೋಗ್ರಾಂ ಬರೆಯಬೇಕೆಂದಿದ್ದಾಳೆ ಎಂದುಕೊಳ್ಳಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಲವಣಾದಿಗಳು ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದ ಕಡೆ 2000ದವರೆಗೆ ಸಹಿಸಬಹುದು. ಲೆಕ್ಕ ಕಷ್ಟದ್ದಲ್ಲ. ಕಷ್ಟ ಇರುವುದು ಬೇರೆ ಕಡೆ. ಅವಳ ಮನೆಯಲ್ಲಿರುವುದು ಅಣ್ಣ ಬಿಟ್ಟುಹೋದ ಹಳೆಯ ವಿಂಡೋಸ್ ಲ್ಯಾಪ್‌ಟಾಪ್. ಕಾಲೇಜಿನ ಪ್ರಯೋಗಾಲಯದಲ್ಲಿ ಉಬುಂಟು. ಪಂಚಾಯತಿಯಲ್ಲಿ ಮತ್ತೊಂದು ವಿಂಡೋಸ್. ಬಾವಿಯ ಮನೆಯವರ ಕೈಯಲ್ಲಿರುವುದು ಮೊಬೈಲ್ ಮಾತ್ರ. ಆ ಮನೆಯ ತಾಯಂದಿರಲ್ಲಿ ಒಬ್ಬರು ಕನ್ನಡ ಓದುತ್ತಾರೆ, ಇನ್ನೊಬ್ಬರು ಉರ್ದು ಮಾತ್ರ ಓದುತ್ತಾರೆ. ನೀರು ಕುಡಿಯುವವರು ಅವರು. ಅವರಿಗೆ ಓದಲಾಗದ ಪ್ರೋಗ್ರಾಂ ಪರೀಕ್ಷಕರಿಂದ ನೂರಕ್ಕೆ ನೂರು ಅಂಕ ಪಡೆದರೂ ಅರ್ಧ ಕೆಲಸವೇ.

ಇಂಥ ಕೆಲಸಕ್ಕೆ ಎರಡು ಸಲಕರಣೆ ಬೇಕು. ಒಂದು, ಲೆಕ್ಕವನ್ನು ಬರೆಯುವ ಸ್ಕ್ರಿಪ್ಟ್ ಭಾಷೆ. ಇನ್ನೊಂದು, ಬಟನ್, ಮೆನು, ನಕ್ಷೆ ಮುಂತಾದವನ್ನು ಪರದೆಯ ಮೇಲೆ ಕಟ್ಟಿಕೊಡುವ ಸರಂಜಾಮು. ಎರಡನೆಯದನ್ನು ಗ್ರಾಫಿಕಲ್ ಇಂಟರ್‌ಫೇಸ್ ಎನ್ನುತ್ತಾರೆ. ನಾನು ಸುಲಭಕ್ಕೆ ಅದನ್ನು ಮುಖ ಎಂದು ಕರೆಯುತ್ತೇನೆ. ಎರಡೂ ವಿಂಡೋಸ್, ಲಿನಕ್ಸ್, ಮ್ಯಾಕ್ ಎಂಬ ಭೇದವಿಲ್ಲದೆ ಓಡಬೇಕು. ಹುಡುಗರು ಸಾಮಾನ್ಯವಾಗಿ ಮುಖದಿಂದ ಶುರು ಮಾಡುತ್ತಾರೆ, ಏಕೆಂದರೆ ಕಣ್ಣಿಗೆ ಕಾಣುವುದು ಅದೇ. ನಾನು ಹೇಳಬೇಕೆಂದಿರುವುದು ಇದಕ್ಕೆ ವಿರುದ್ಧ: ಲೆಕ್ಕವನ್ನು ಮುಖದಿಂದ ಬೇರೆ ಮಾಡಿ ಮೊದಲು ಬರೆಯಿರಿ, ಮುಖವನ್ನು ಕೊನೆಗೆ ಆರಿಸಿ. ಆರಿಸುವಾಗ ಅದು ನಿಮ್ಮವರ ಅಕ್ಷರವನ್ನು ಸರಿಯಾಗಿ ಬರೆಯುತ್ತದೆಯೇ ಎಂದು ನೋಡಿಯೇ ಆರಿಸಿ.

ಇದು ನನ್ನ ಸ್ವಂತ ಕಲ್ಪನೆಯಲ್ಲ. ನಮ್ಮ ರಾಜ್ಯದಲ್ಲೇ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್ ಇದೆ. ಅಲ್ಲಿ ಕೆಲಸ ಮಾಡಿದ ವಿಜ್ಞಾನಿ ಉಪಿಂದರ್ ಭಲ್ಲಾ ಅವರು ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, 1980ರ ದಶಕದ ಕೊನೆಯಲ್ಲಿ, ಜೆನೆಸಿಸ್ ಎಂಬ ತಂತ್ರಾಂಶವನ್ನು ಕಟ್ಟಿದವರಲ್ಲಿ ಒಬ್ಬರು. ಮೆದುಳಿನ ನರಕೋಶ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವ ತಂತ್ರಾಂಶ ಅದು. ಆ ಕಾಲಕ್ಕೆ ಅದು ದೊಡ್ಡ ಕೆಲಸ. ಆದರೆ ಅದಕ್ಕೆ ಅದರದೇ ಆದ ಸ್ಕ್ರಿಪ್ಟ್ ಭಾಷೆ ಇತ್ತು. ಬೇರೆಲ್ಲೂ ಆ ಭಾಷೆಗೆ ಬೆಲೆಯಿಲ್ಲ. ಜೋಡಸ್ ಎಂಬ ಅದರ ಮುಖ ಯುನಿಕ್ಸ್ ಯಂತ್ರಗಳ ಎಕ್ಸ್ ವಿಂಡೋ ವ್ಯವಸ್ಥೆಗೆ ಅಂಟಿಕೊಂಡಿತ್ತು. ವಿಂಡೋಸ್‌ನಲ್ಲಿ ಓಡಿಸಲು ಸಿಗ್ವಿನ್ ಎಂಬ ಮಧ್ಯವರ್ತಿಯನ್ನು ಇಟ್ಟುಕೊಳ್ಳಬೇಕಿತ್ತು.

ಭಲ್ಲಾ ಅವರ ಬೆಂಗಳೂರಿನ ಪ್ರಯೋಗಾಲಯದಲ್ಲಿ ಅದರ ಉತ್ತರಾಧಿಕಾರಿಯಾಗಿ ಮೂಸ್ ಎಂಬ ತಂತ್ರಾಂಶ ಹುಟ್ಟಿತು. (ಇದರ ಆವೃತ್ತಿಗಳಿಗೆ ನಮ್ಮ ದೇಶದ ಸಿಹಿತಿಂಡಿಗಳ ಹೆಸರು ಇಡುತ್ತಾರೆ, ಒಂದಕ್ಕೆ ಚಮ್‌ಚಮ್ ಎಂದಿದ್ದರು.) ಇಲ್ಲಿ ಅವರು ಮಾಡಿದ ಆಯ್ಕೆಯನ್ನು ಗಮನಿಸಿ. ವೇಗ ಬೇಕಾದ ಲೆಕ್ಕದ ಭಾಗವನ್ನು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದರು. ಬಳಸುವವರು ಅದಕ್ಕೆ ಆಜ್ಞೆ ಕೊಡಲು ಪೈಥಾನ್ ಭಾಷೆಯನ್ನು ಆರಿಸಿದರು. ಸುಭಾಸಿಸ್ ರಾಯ್ ಮತ್ತು ಭಲ್ಲಾ ಅವರು 2008ರಲ್ಲಿ ಈ ಬಗ್ಗೆ ಪ್ರಬಂಧ ಪ್ರಕಟಿಸಿದರು. ಮುಖಕ್ಕೆ ಕ್ಯೂಟಿ ಎಂಬ ಸರಂಜಾಮನ್ನು ಪೈಥಾನ್ ಮೂಲಕವೇ ಬಳಸಿದರು. ಹೀಗೆ ಮೂರು ಪದರ, ಒಂದಕ್ಕೊಂದು ತಾಗಿದ್ದರೂ ಬೇರೆ ಬೇರೆ. ಮುಖ ಬೇಡವೆಂದರೆ ಪೈಥಾನಿನಲ್ಲೇ ಪ್ರಯೋಗ ನಡೆಸಬಹುದು. ಮುಖ ಹಳೆಯದಾದರೆ ಲೆಕ್ಕವನ್ನು ಮುಟ್ಟದೆ ಹೊಸ ಮುಖ ಕಟ್ಟಬಹುದು. ಹಳೆಯ ಜೆನೆಸಿಸ್ ಭಾಷೆಯಲ್ಲಿ ಬರೆದಿದ್ದ ಮಾದರಿಗಳನ್ನು ಓದುವ ಸೌಲಭ್ಯವನ್ನೂ ಉಳಿಸಿಕೊಂಡರು. ವರ್ಷಗಟ್ಟಲೆ ದುಡಿದು ಬರೆದದ್ದನ್ನು ಬಿಸಾಡಬೇಕಾಗಲಿಲ್ಲ. ನನಗೆ ಈ ಕೊನೆಯ ಸಂಗತಿಯೇ ಹೆಚ್ಚು ಇಷ್ಟವಾಯಿತು.

ಅದೇ ಕ್ಷೇತ್ರದ ಇನ್ನೊಂದು ತಂತ್ರಾಂಶ ಅಮೆರಿಕದ ಮೈಕೆಲ್ ಹೈನ್ಸ್ ಅವರ ನ್ಯೂರಾನ್. ಅದಕ್ಕೂ ಮೊದಲು ಹಾಕ್ ಎಂಬ ಬೇರೆ ಭಾಷೆ ಇತ್ತು. ಅವರೂ 2009ರ ಹೊತ್ತಿಗೆ ಪೈಥಾನನ್ನು ಸೇರಿಸಿಕೊಂಡರು. ಆದರೆ ಮುಖಕ್ಕೆ ಅವರು ಹಿಂದೆಯೇ ಇಂಟರ್‌ವ್ಯೂಸ್ ಎಂಬ ಸರಂಜಾಮನ್ನು ನೆಚ್ಚಿದ್ದರು. ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಅದನ್ನು ಮುಂದೆ ನೋಡಿಕೊಳ್ಳುವವರು ಇಲ್ಲವಾದರು. ಪರಿಣಾಮ, ನ್ಯೂರಾನ್ ತಂಡದವರೇ ಅದರ ಒಂದು ಪ್ರತಿಯನ್ನು ಇಟ್ಟುಕೊಂಡು ದುರಸ್ತಿ ಮಾಡುತ್ತ ಬರಬೇಕಾಯಿತು. ಮೆದುಳಿನ ವಿಜ್ಞಾನಿಗಳು ಬಟನ್ ರಿಪೇರಿಗೆ ಕೂರುವುದೆಂದರೆ ವೈದ್ಯರು ಆಸ್ಪತ್ರೆಯ ಮಾಡಿಗೆ ಹಂಚು ಹೊದೆಸಿದ ಹಾಗೆ. ಆದ್ದರಿಂದ ಸರಂಜಾಮನ್ನು ಆರಿಸುವಾಗ ಅದರ ಗುಣ ಒಂದನ್ನೇ ನೋಡಬೇಡಿ. ಅದನ್ನು ಇನ್ನೂ ಎಷ್ಟು ಜನ ಬಳಸುತ್ತಿದ್ದಾರೆ, ಅದರ ಹೊಸ ಆವೃತ್ತಿ ಕೊನೆಯ ಬಾರಿ ಬಂದದ್ದು ಯಾವಾಗ ಎಂದು ವಿಚಾರಿಸಿ.

ಪೈಥಾನ್ 1991ರಲ್ಲಿ ಬಂದ ಭಾಷೆ. ವಿಜ್ಞಾನಿಗಳು ಅದನ್ನು ಹಿಡಿದದ್ದಕ್ಕೆ ಕಾರಣ ಅದು ಎಲ್ಲಕ್ಕಿಂತ ವೇಗವಾದುದು ಎಂದಲ್ಲ. ವೇಗದಲ್ಲಿ ಅದು ಹಿಂದೆಯೇ. ಒಮ್ಮೆ ಕಲಿತರೆ ಎಲ್ಲ ಯಂತ್ರದಲ್ಲೂ ನಡೆಯುತ್ತದೆ, ಉಚಿತ, ಗಣಿತಕ್ಕೆ, ನಕ್ಷೆಗೆ, ಅಂಕಿಅಂಶಕ್ಕೆ ಬೇಕಾದ ಭಂಡಾರಗಳು ಸಿದ್ಧವಾಗಿವೆ. ಅದರ ಜೊತೆಗೆ ಸಾಮಾನ್ಯವಾಗಿ ಟಿಕೆ-ಇಂಟರ್ ಎಂಬ ಮುಖದ ಸರಂಜಾಮು ಬಿಟ್ಟಿಯಾಗಿ ಬರುತ್ತದೆ. ಇದರ ಮೂಲ ಜಾನ್ ಔಸ್ಟರ್‌ಹೌಟ್ ಎಂಬವರು ಬರ್ಕ್ಲಿಯಲ್ಲಿ ಕಟ್ಟಿದ ಟಿಕಲ್ ಮತ್ತು ಟಿಕೆ. ಚಿಪ್ ವಿನ್ಯಾಸಕ್ಕೆ ಅವರು ಮಾಡಿದ ಪ್ರತಿಯೊಂದು ತಂತ್ರಾಂಶಕ್ಕೂ ಒಂದೊಂದು ಅರೆಬರೆ ಆಜ್ಞಾಭಾಷೆ ಹುಟ್ಟಿಕೊಳ್ಳುತ್ತಿದ್ದುದನ್ನು ನೋಡಿ ಬೇಸತ್ತು, ಎಲ್ಲಕ್ಕೂ ಒಂದೇ ಭಾಷೆ ಇರಲಿ ಎಂದು 1988ರಲ್ಲಿ ಟಿಕಲ್ ಬರೆದರು. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೆ ಪೈಥಾನ್ ಪರಿಚಯವಾಗಿರುವುದು ಹೈಸ್ಕೂಲಿನಲ್ಲೇ. ಕೇರಳದ ಶಾಲೆಗಳು ಲಿನಕ್ಸ್‌ಗೆ ಬದಲಾಗಿ ಬಹಳ ವರ್ಷಗಳಾದವು. ಪೈಥಾನಿನಲ್ಲಿ ಆಮೆಯನ್ನು ನಡೆಸಿ ಚಿತ್ರ ಬರೆಯುವ ಪಾಠ ಮಾಡುತ್ತಾರಲ್ಲ, ಆ ಆಮೆ ನಡೆಯುವುದು ಟಿಕೆಯ ಹಲಗೆಯ ಮೇಲೆಯೇ.

ಹಾಗಾದರೆ ಟಿಕೆಯನ್ನೇ ಬಳಸಿದರಾಯಿತಲ್ಲ ಎಂದು ನೀವು ಕೇಳುತ್ತೀರಿ. ಇಂಗ್ಲಿಷಿನಲ್ಲಿ ಮಾತ್ರ ಬರೆಯುವುದಾದರೆ ಅಡ್ಡಿಯಿಲ್ಲ.

ಈಗ ನನ್ನ ಕ್ಷೇತ್ರಕ್ಕೆ ಬಂದೆ. ಕನ್ನಡದ ಅಕ್ಷರ ಒಂದರ ಪಕ್ಕ ಒಂದು ಇಟ್ಟರೆ ಆಗುವಂಥದ್ದಲ್ಲ. ‘ಸ್ವಾತಂತ್ರ್ಯ’ ಎಂಬ ಪದದಲ್ಲಿ ಒತ್ತಿಗೆ ಒತ್ತು ಕೂಡಿ ಕೆಳಗಿಳಿಯುತ್ತದೆ. ‘ಸೂರ್ಯ’ ಎಂಬುದನ್ನು ಅರ್ಕಾವತ್ತು ಹಾಕಿ ಬರೆದರೆ ಮೊದಲು ಉಚ್ಚರಿಸುವ ರಕಾರ ಕೊನೆಗೆ ಹೋಗಿ ಕೂರುತ್ತದೆ. ಉರ್ದು ಇದಕ್ಕಿಂತ ಒಂದು ಕೈ ಮೇಲು. ಬಲದಿಂದ ಎಡಕ್ಕೆ ಸಾಗುತ್ತದೆ, ಅಕ್ಷರ ಪದದ ಮೊದಲಲ್ಲಿ ಒಂದು ರೂಪ, ನಡುವೆ ಒಂದು, ಕೊನೆಯಲ್ಲಿ ಒಂದು. ನಸ್ತಾಲೀಕ್ ಶೈಲಿಯಲ್ಲಿ ಪದವೇ ಓರೆಯಾಗಿ ಇಳಿಯುತ್ತದೆ. ಅದರ ನಡುವೆ 1850 ಎಂಬ ಅಂಕಿ ಬಂದರೆ ಅಂಕಿಯನ್ನು ಮಾತ್ರ ಎಡದಿಂದ ಬಲಕ್ಕೆ ಓದಬೇಕು. ಈ ಜೋಡಣೆಯನ್ನು ಮಾಡಿಕೊಡುವ ಕೆಲಸ ಮುಖದ ಸರಂಜಾಮಿನದ್ದು. ಕ್ಯೂಟಿ, ಜಿಟಿಕೆ ಮತ್ತು ಇಂದಿನ ಬ್ರೌಸರುಗಳು ಅದನ್ನು ಚೆನ್ನಾಗಿ ಮಾಡುತ್ತವೆ. ಕ್ಯೂಟಿಯಲ್ಲಿ ಉರ್ದುವಿಗೆ ಬೇಕಾದಂತೆ ಇಡೀ ಕಿಟಕಿಯನ್ನೇ ಬಲದಿಂದ ಎಡಕ್ಕೆ ತಿರುಗಿಸಬಹುದು. ಟಿಕೆ 8.6ರ ವಿಷಯ ಬೇರೆ. ವಿಂಡೋಸ್‌ನಲ್ಲಿ ಆಪರೇಟಿಂಗ್ ಸಿಸ್ಟಮೇ ಜೋಡಣೆ ಮಾಡಿಕೊಡುವುದರಿಂದ ಕನ್ನಡ ಸರಿಯಾಗಿ ಕಾಣುತ್ತದೆ. ಅದೇ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಓಡಿಸಿದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಿಕೊಳ್ಳುತ್ತವೆ, ಉರ್ದು ಹಿಂದುಮುಂದಾಗುತ್ತದೆ. ಮನೆಯಲ್ಲಿ ಚೆನ್ನಾಗಿದ್ದದ್ದು ಕಾಲೇಜಿನ ಪ್ರದರ್ಶನದ ದಿನ ಹೀಗಾದರೆ ಆ ಹುಡುಗಿಯ ಪಾಡೇನು? ಎಲ್ಲ ಯಂತ್ರದಲ್ಲೂ ಓಡುತ್ತದೆ ಎಂದು ಪುಸ್ತಕದಲ್ಲಿ ಬರೆದಿದ್ದರೆ ಅದು ಇಂಗ್ಲಿಷಿಗೆ ಬರೆದ ಮಾತು ಎಂದು ತಿಳಿಯಿರಿ. ನಿಮ್ಮ ಭಾಷೆಗೆ ನೀವೇ ನೋಡಬೇಕು.

ಅಕ್ಷರದ ವಿಷಯದಲ್ಲಿ ಯಂತ್ರಕ್ಕೆ ಕಟ್ಟಿಬಿದ್ದ ಕಷ್ಟ ನಮ್ಮ ಎರಡೂ ಭಾಷೆಗಳಿಗೆ ಹೊಸದಲ್ಲ. ಕರಾವಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಇಂದಿಗೂ ನಮ್ಮ ಬೆರಳಲ್ಲಿದೆ, ಅದು ಯಾವ ಯಂತ್ರಕ್ಕೆ ಹೋದರೂ ಉಳಿಯಿತು. ಆದರೆ ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಬರೀ ಕಲಸುಮೇಲೋಗರ. ಉರ್ದುವಿನಲ್ಲಿ 1994ರಲ್ಲಿ ಬಂದ ಇನ್‌ಪೇಜ್‌ನ ಹಳೆಯ ಕಡತಗಳದ್ದೂ ಇದೇ ಕಥೆ. ತೆರೆಯಲು ಇನ್‌ಪೇಜೇ ಬೇಕು. ಎರಡೂ ಭಾಷೆಗಳಲ್ಲಿ ಲೇಖನ ತರಿಸಿಕೊಂಡು ಪತ್ರಿಕೆ ಮಾಡಿದವರಿಗೆ ಈ ತಾಪತ್ರಯ ವಿವರಿಸಬೇಕಾಗಿಲ್ಲ. ಆ ತಂತ್ರಾಂಶಗಳು ತಮ್ಮ ಕಾಲದಲ್ಲಿ ಮಾಡಿದ ಉಪಕಾರ ದೊಡ್ಡದು, ಅದನ್ನು ನಾನು ಸಣ್ಣದು ಮಾಡುತ್ತಿಲ್ಲ. ಇನ್ನು ಮುಂದೆ ಬರೆಯುವುದನ್ನಾದರೂ ಯುನಿಕೋಡ್‌ನಲ್ಲೇ ಬರೆಯೋಣ ಎಂದಷ್ಟೇ ಹೇಳುತ್ತಿದ್ದೇನೆ.

ಟಿಕೆಯಿಂದ ಕ್ಯೂಟಿಗೆ ಹೋದ ಇನ್ನೊಂದು ಭಾರತೀಯ ಉದಾಹರಣೆ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಉಪಯೋಗಕ್ಕೆ ಬಂದೀತು. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದ ಅಜಿತ್ ಕುಮಾರ್ ಅವರ ನೇತೃತ್ವದಲ್ಲಿ ಎಕ್ಸ್‌ಪೈಸ್ ಎಂಬ ಪುಟ್ಟ ಪ್ರಯೋಗ ಪೆಟ್ಟಿಗೆ ತಯಾರಾಯಿತು. ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿದರೆ ಆಸಿಲೋಸ್ಕೋಪಿನಂತೆ ವಿದ್ಯುತ್ತಿನ ಅಲೆಯನ್ನು, ಮೈಕ್ ಜೋಡಿಸಿದರೆ ಧ್ವನಿಯನ್ನು ನಕ್ಷೆಯಾಗಿ ತೋರಿಸುತ್ತದೆ. ಅದರ ಭಾಷೆ ಮೊದಲಿನಿಂದಲೂ ಪೈಥಾನ್. ಮುಖ ಮಾತ್ರ ಎಕ್ಸ್‌ಪೈಸ್ ಜೂನಿಯರ್‌ನಲ್ಲಿ ಟಿಕೆ-ಇಂಟರ್ ಇದ್ದದ್ದು ಎಕ್ಸ್‌ಪೈಸ್-17ರಲ್ಲಿ ಕ್ಯೂಟಿ ಆಯಿತು. ಯಂತ್ರ ಬದಲಾದರೂ ಮುಖ ಬದಲಾದರೂ ಪೈಥಾನ್ ಕಲಿತಿದ್ದ ವಿದ್ಯಾರ್ಥಿಗೆ ನಷ್ಟವಾಗಲಿಲ್ಲ.

ಮುಖವೇ ಇಲ್ಲದೆ ಬಹುಕಾಲ ಬಾಳಿದ ತಂತ್ರಾಂಶವೂ ಉಂಟು. ಆಕ್ಟೇವ್ ಎಂಬ ಗಣಿತದ ತಂತ್ರಾಂಶವನ್ನು ಬರೆಯಲು ಶುರು ಮಾಡಿದ್ದು 1992ರಲ್ಲಿ. ಅದನ್ನು ತೆರೆದೊಡನೆ ತಾನಾಗಿ ಮುಖ ಕಾಣುವಂತಾದದ್ದು 2015ರ 4.0 ಆವೃತ್ತಿಯಲ್ಲಿ, ಅದೂ ಕ್ಯೂಟಿಯಿಂದಲೇ.

ಮೊಬೈಲಿನವರನ್ನು ಬಿಟ್ಟೆನೆಂದು ತಿಳಿಯಬೇಡಿ. ಅವರಿಗೆ ದಾರಿ ಬ್ರೌಸರ್. ಆದರೆ ಬ್ರೌಸರ್ ಎಂದರೆ ಶಾಶ್ವತ ಎಂದೂ ಅಲ್ಲ. ಕಾರ್ಲ್ ವೀಮನ್ ಅವರು 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಪ್ರಯೋಗಗಳನ್ನು ನಿಮ್ಮಲ್ಲಿ ಕೆಲವರು ಶಾಲೆಯಲ್ಲಿ ನೋಡಿರಬಹುದು. ಮೊದಲಿಗೆ ಅವು ಜಾವಾ ಮತ್ತು ಫ್ಲ್ಯಾಶ್‌ನಲ್ಲಿ ತಯಾರಾದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಸಂಸ್ಥೆ ಫ್ಲ್ಯಾಶನ್ನು ನಿಲ್ಲಿಸಿತು. ಫೆಟ್ ತಂಡ ಅದಕ್ಕೂ ಎಷ್ಟೋ ವರ್ಷ ಮೊದಲೇ ಒಂದೊಂದಾಗಿ ಪ್ರಯೋಗಗಳನ್ನು ಎಚ್‌ಟಿಎಂಎಲ್-5ಕ್ಕೆ ತಿರುಗಿ ಬರೆಯಲು ತೊಡಗಿದ್ದರಿಂದ ಉಳಿಯಿತು. ಹಾಗೆ ಮಾಡದ ಎಷ್ಟೋ ಪಾಠದ ಸಿ.ಡಿ.ಗಳು ಶಾಲೆಗಳ ಬೀರುವಿನಲ್ಲಿ ಈಗ ಬರೀ ಕನ್ನಡಿಯಂತೆ ಹೊಳೆಯುತ್ತಿವೆ. ಮಾರ್ಕಸ್ ಹೋಹೆನ್‌ವಾರ್ಟರ್ ಅವರ ಜಿಯೋಜಿಬ್ರಾ ಕೂಡ ಜಾವಾದಲ್ಲಿ ಹುಟ್ಟಿ ಬ್ರೌಸರಿಗೂ ಮೊಬೈಲಿಗೂ ಬಂದದ್ದೇ. ಒಂದೇ ಕಂಪನಿಯ ಕೈಯಲ್ಲಿರುವ ಸರಂಜಾಮಿಗಿಂತ ಎಲ್ಲರೂ ಒಪ್ಪಿದ ಮಾನಕವನ್ನು ನಂಬುವುದು ಕ್ಷೇಮ.

ಪರವಾನಗಿಯ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ. ಕ್ಯೂಟಿಯನ್ನು ಪೈಥಾನಿಗೆ ಜೋಡಿಸಲು ಪೈಕ್ಯೂಟಿ ಮತ್ತು ಪೈಸೈಡ್ ಎಂಬ ಎರಡು ದಾರಿಗಳಿವೆ. ಮೊದಲನೆಯದನ್ನು ಬಳಸಿದರೆ ನಿಮ್ಮ ಪ್ರೋಗ್ರಾಮಿನ ಮೂಲವನ್ನೂ ಮುಕ್ತವಾಗಿ ಹಂಚಬೇಕು, ಇಲ್ಲವೇ ಹಣ ಕೊಟ್ಟು ಪರವಾನಗಿ ಕೊಳ್ಳಬೇಕು. ಎರಡನೆಯದರಲ್ಲಿ ಆ ಕಟ್ಟು ಸಡಿಲ. ಕಾಲೇಜಿನ ಪ್ರಾಜೆಕ್ಟಿಗೆ ಎರಡೂ ಆದೀತು.

ಈಗ ಬಾವಿಯ ಹುಡುಗಿಗೆ ನನ್ನ ಸಲಹೆ ಏನು? ಮೊದಲು ಒಂದು ಪೈಥಾನ್ ಕಡತ. ಅದರಲ್ಲಿ ಲೆಕ್ಕ ಮಾತ್ರ, ಒಂದು ಬಟನ್ನೂ ಬೇಡ. ಅಳತೆಗಳು ಸಿಎಸ್‌ವಿ ಕಡತದಲ್ಲಿರಲಿ. ಕನ್ನಡ ಅಥವಾ ಉರ್ದು ಇರುವ ಕಡತವನ್ನು ಓದುವಾಗ, ಬರೆಯುವಾಗ ಯುಟಿಎಫ್-8 ಎಂದು ಪ್ರೋಗ್ರಾಮಿನಲ್ಲಿ ಹೆಸರಿಸಿಯೇ ಹೇಳಬೇಕು; ಹೇಳದಿದ್ದರೆ ಲಿನಕ್ಸ್ ಒಂದು ಊಹಿಸುತ್ತದೆ, ಹಳೆಯ ವಿಂಡೋಸ್ ಇನ್ನೊಂದು ಊಹಿಸುತ್ತದೆ. ಕಡತದ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೆರೆಸಬಾರದು. ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಎರಡೂ ಬೇರೆ. ಪ್ರದರ್ಶನದ ದಿನ ಕಡತವೇ ಸಿಗುತ್ತಿಲ್ಲ ಎಂಬ ಗೋಳಿಗೆ ಹೆಚ್ಚಿನ ಸಲ ಇಷ್ಟೇ ಕಾರಣ. ಫೋಲ್ಡರಿನ ದಾರಿಯನ್ನು ಕೈಯಿಂದ ಗೀಟು ಹಾಕಿ ಬರೆಯದೆ ಪೈಥಾನಿನ ಪಾಥ್‌ಲಿಬ್‌ಗೆ ಬಿಡಿ.

ನಕ್ಷೆ ಬರೆಯಲು ಮ್ಯಾಟ್‌ಪ್ಲಾಟ್‌ಲಿಬ್ ಇದೆ. ಜಾನ್ ಹಂಟರ್ ಎಂಬ ಸಂಶೋಧಕರು ಅಪಸ್ಮಾರದ ರೋಗಿಗಳ ಮೆದುಳಿನ ಸಂಕೇತಗಳನ್ನು ಅಧ್ಯಯನ ಮಾಡುತ್ತಿದ್ದಾಗ, 2003ರ ಸುಮಾರಿಗೆ, ಕಟ್ಟಿದ್ದು. ಟಿಕೆ, ಕ್ಯೂಟಿ, ಜಿಟಿಕೆ ಯಾವ ಮುಖಕ್ಕೂ ಅದು ಹೊಂದಿಕೊಳ್ಳುತ್ತದೆ. ಮುಖ ಬದಲಿಸಿದರೂ ನಕ್ಷೆಯ ಸಾಲುಗಳನ್ನು ತಿದ್ದಬೇಕಿಲ್ಲ. ಆದರೆ ಕನ್ನಡದ ಒತ್ತಕ್ಷರಗಳನ್ನು ಜೋಡಿಸುವುದರಲ್ಲಿ ಅದು ವರ್ಷಗಟ್ಟಲೆ ಹಿಂದುಳಿದಿತ್ತು. ನಿಮ್ಮಲ್ಲಿರುವ ಆವೃತ್ತಿಯಲ್ಲಿ ಅಕ್ಷರ ಒಡೆದರೆ ಉಪಾಯವಿದೆ. ನಕ್ಷೆಯನ್ನು ಎಸ್‌ವಿಜಿ ರೂಪದಲ್ಲಿ ಉಳಿಸಿ, ಅಕ್ಷರಗಳನ್ನು ಚಿತ್ರವಾಗಿಸದೆ ಅಕ್ಷರವಾಗಿಯೇ ಬಿಡುವಂತೆ ಸೂಚನೆ ಕೊಟ್ಟರೆ, ಜೋಡಿಸುವ ಕೆಲಸವನ್ನು ಬ್ರೌಸರ್ ವಹಿಸಿಕೊಳ್ಳುತ್ತದೆ. ನೋಟೋ ಸರಣಿಯಲ್ಲಿ ಕನ್ನಡಕ್ಕೂ ಉರ್ದು ನಸ್ತಾಲೀಕ್‌ಗೂ ಉಚಿತ ಫಾಂಟುಗಳಿವೆ. ಅವುಗಳನ್ನು ಪ್ರೋಗ್ರಾಮಿನ ಜೊತೆಗೇ ಕಟ್ಟಿಕೊಡಿ, ಪಂಚಾಯತಿಯ ಕಂಪ್ಯೂಟರಿನಲ್ಲಿ ಇದ್ದೀತು ಎಂದು ನೆಚ್ಚಬೇಡಿ.

ಮುಖದ ಸರದಿ ಆಮೇಲೆ. ಕ್ಯೂಟಿಯಲ್ಲಿ ಒಂದೇ ಕಿಟಕಿ: ಬಾವಿಯ ಹೆಸರು ಆರಿಸಲು ಪಟ್ಟಿ, ನಕ್ಷೆ, ಕೆಳಗೆ ಒಂದು ಸಾಲಿನ ತೀರ್ಪು. ಪರದೆಯಲ್ಲಿ ಬರುವ ಪದಗಳನ್ನೆಲ್ಲ ಬೇರೆ ಕಡತದಲ್ಲಿಟ್ಟರೆ ಅದೇ ಕಿಟಕಿ ಕನ್ನಡಕ್ಕೂ ಉರ್ದುವಿಗೂ ಆಗುತ್ತದೆ. ಕಿಟಕಿ ಕಟ್ಟುವ ಮೊದಲ ದಿನವೇ ‘ಸ್ವಾತಂತ್ರ್ಯ’, ‘ಸೂರ್ಯ’ ಎಂಬ ಎರಡು ಪದ ಮತ್ತು ನಡುವೆ ಅಂಕಿ ಇರುವ ಒಂದು ಉರ್ದು ವಾಕ್ಯವನ್ನು ಮನೆಯ ಯಂತ್ರದಲ್ಲೂ ಕಾಲೇಜಿನ ಯಂತ್ರದಲ್ಲೂ ಬರೆಸಿ ನೋಡಿ. ಐದು ನಿಮಿಷದ ಕೆಲಸ. ಕೆಟ್ಟರೆ ಆ ದಿನವೇ ಬೇರೆ ಸರಂಜಾಮಿಗೆ ಹೋಗಬಹುದು, ಏಪ್ರಿಲಿನಲ್ಲಿ ಅಲ್ಲ.

ಉಳಿದದ್ದು ತಾಯಂದಿರ ಮೊಬೈಲ್. ಅದಕ್ಕೆ ಆ್ಯಪ್ ಮಾಡಲು ಹೊರಡಬೇಡಿ. ಅದೇ ಲೆಕ್ಕದ ಕಡತ ವಾರಕ್ಕೊಮ್ಮೆ ಪ್ರತಿ ಬಾವಿಗೂ ಒಂದು ಚಿತ್ರ ತಯಾರಿಸಲಿ: ಆ ಮನೆಯವರ ಭಾಷೆಯಲ್ಲಿ ಬಾವಿಯ ಹೆಸರು, ಅಳತೆ, ‘ಈ ವಾರ ಕುಡಿಯಬಹುದು’ ಅಥವಾ ‘ಈ ವಾರ ಅಡುಗೆಗೂ ಕುಡಿಯಲೂ ಬೇಡ’ ಎಂಬ ಸಾಲು. ವಾಟ್ಸಾಪಿನಲ್ಲಿ ಕಳಿಸಿದರೆ ಮುಗಿಯಿತು. ಚಿತ್ರಕ್ಕೆ ವಿಂಡೋಸ್, ಲಿನಕ್ಸ್ ಎಂಬ ಜಗಳವೇ ಇಲ್ಲ.

ಟಿಡಿಎಸ್ ಮೀಟರ್ ದೊಡ್ಡ ಖರ್ಚಿನ ವಸ್ತುವಲ್ಲ. ಈ ಡಿಸೆಂಬರಿನಿಂದ ತಮ್ಮ ಊರಿನಲ್ಲಿ ಅಳೆಯಲು ಸಿದ್ಧರಿರುವ ವಿದ್ಯಾರ್ಥಿಗಳು ಸಭೆ ಮುಗಿದ ಮೇಲೆ ನನ್ನನ್ನು ಕಾಣಬೇಕಾಗಿ ವಿನಂತಿ. ಲೆಕ್ಕ ನೀವು ಬರೆಯಿರಿ, ಉರ್ದು ಮತ್ತು ಕನ್ನಡದ ಸಾಲುಗಳನ್ನು ನಾನು ತಿದ್ದಿಕೊಡುತ್ತೇನೆ.